ಒಂಟಿ ಬೂಟಿನ ಅಡಿ

"ಇಮೇಜ್. ಡಿ ಎಸ್ ಸಿ ಅಂಡರ್‌ಸ್ಕೋರ್ ಜೀರೋ ಫೋರ್ ಒನ್ ಸೆವೆನ್. ಇಮೇಜ್. ಡಿ ಎಸ್ ಸಿ ಅಂಡರ್‌ಸ್ಕೋರ್ ಜೀರೋ ಫೋರ್ ಒನ್ ಏಟ್."

ಇದು ಯಾವ ಮಂತ್ರ ಎಂದು ಕೇಳಬೇಡಿ. ನನ್ನ ಗೆಳತಿ ವತ್ಸಲಾ ಆರ್.ಟಿ. ನಗರದ ತನ್ನ ಮಂಚದ ಮೇಲೆ ಕೂತು ಇಂಗ್ಲೆಂಡಿನ ಒಂದು ಮ್ಯೂಸಿಯಂ ನೋಡುತ್ತಿದ್ದ ಬಗೆ ಇದು. ನೋಡುತ್ತಿದ್ದಳು ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಅವಳಿಗೆ ಕಣ್ಣು ಕಾಣುವುದಿಲ್ಲ. ಗ್ಲೂಕೋಮಾ ಸುತ್ತಲಿಂದ ಮೆಲ್ಲಗೆ ಪರದೆ ಎಳೆದುಕೊಂಡು ಬಂದು, ಕೊನೆಗೆ ನಡುವಿನ ಕಿಂಡಿಯನ್ನೂ ಮುಚ್ಚಿಬಿಟ್ಟಿತು. ಈಗ ಫೋನಿನ ಮೇಲೆ ಬೆರಳು ಸವರಿದರೆ ಅಲ್ಲಿ ಇರುವುದನ್ನು ಒಂದು ಹೆಣ್ಣು ದನಿ ಓದಿ ಹೇಳುತ್ತದೆ. ಅಕ್ಷರವಿದ್ದರೆ ಅಕ್ಷರ. ಚಿತ್ರವಿದ್ದರೆ, ಆ ಚಿತ್ರದ ಬೆನ್ನಿಗೆ ಯಾರಾದರೂ ಪುಣ್ಯಾತ್ಮರು ಎರಡು ಮಾತು ಬರೆದಿಟ್ಟಿದ್ದರೆ ಆ ಮಾತು. ಬರೆದಿಡದೇ ಹೋದರೆ ಕ್ಯಾಮೆರಾ ಆ ಫೋಟೋಗೆ ತಾನೇ ಇಟ್ಟ ಹೆಸರು. ಡಿ ಎಸ್ ಸಿ ಅಂಡರ್‌ಸ್ಕೋರ್.

ಆ ಮ್ಯೂಸಿಯಂನವರು ತಮ್ಮ ವೆಬ್‌ಸೈಟಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡಿದ್ದರು. ರೋಮನ್ ಸಾಮ್ರಾಜ್ಯದ ಗಡಿಯ ಕೋಟೆಯಲ್ಲಿ ನೆಲದಿಂದ ಎತ್ತಿದ ವಸ್ತುಗಳು ಇನ್ನು ಮೇಲೆ ಆನ್‌ಲೈನ್, ಎಲ್ಲರಿಗೂ, ಎಲ್ಲಿಂದಲಾದರೂ. ಈ ಎಲ್ಲರೂ ಯಾರು ಸ್ವಾಮಿ? ಅದರಲ್ಲಿ ವತ್ಸಲಾ ಇಲ್ಲವೇ? ಅವಳನ್ನು ಬಾಗಿಲ ತನಕ ಕರೆದು, ಒಳಗೆ ಬಂದ ಮೇಲೆ ದೀಪ ಆರಿಸಿ, ಕಿವಿಯಲ್ಲಿ ನಂಬರ್ ಹೇಳಿ ಕಳಿಸುವುದಕ್ಕೆ ಅಕ್ಸೆಸ್ ಅಂತ ಹೆಸರೇ? ಹಾನೆಸ್ಟ್‌ಲಿ!

ನನ್ನ ಸಿಟ್ಟಿನ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಂಟೋನ್ಮೆಂಟಿನ ನಮ್ಮ ಕಾನ್ವೆಂಟಿನಲ್ಲಿ ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದು ಕ್ರಮ ಕಲಿಸಿದ್ದರು. ದನಿ ಏರಿಸಬಾರದು. ಬೆನ್ನು ನೇರ ಮಾಡಿಕೊಂಡು, "ಐ ಆಮ್ ಮೋಸ್ಟ್ ಡಿಸಪಾಯಿಂಟೆಡ್" ಎನ್ನಬೇಕು. ಎದುರಿನವರು ತಾವಾಗಿಯೇ ಕುಗ್ಗಿಹೋಗಬೇಕು. ಮದುವೆಯಾಗಿ ಯಲಹಂಕ ಹಳೇ ಟೌನಿಗೆ ಬಂದ ಹೊಸದರಲ್ಲಿ ಈ ವಿದ್ಯೆಯನ್ನು ಕೋಗಿಲಿನಿಂದ ಸೈಕಲ್ಲಿನಲ್ಲಿ ಹಾಲು ತರುತ್ತಿದ್ದವನ ಮೇಲೆ ಪ್ರಯೋಗಿಸಿದೆ. ನೀರಾಗಿದ್ದ ಹಾಲಿನ ಪಾತ್ರೆಯನ್ನು ಅವನ ಮುಂದಿಟ್ಟು, ಬೆನ್ನು ನೇರ ಮಾಡಿ, ಇಂಗ್ಲಿಷಿನಲ್ಲಿ ನನ್ನ ನಿರಾಶೆಯನ್ನು ತಿಳಿಸಿದೆ. ಅವನು ತುಂಬ ಸಂತೋಷದಿಂದ, "ಆಯ್ತು ಕಣವ್ವ, ನಾಳೀಕೂ ಅಷ್ಟೇ ಆಕ್ತೀನಿ" ಅಂದು ಹೊರಟ. ಒಳಗಿನಿಂದ ನಮ್ಮ ಅತ್ತೆ ಬಂದರು. ಬೀದಿಯ ಕೊನೆಯವರೆಗೆ ಕೇಳುವಂತೆ ಅಚ್ಚಗನ್ನಡದಲ್ಲಿ ನಾಲ್ಕು ಮಾತಾಡಿದರು. ಮರುದಿನದಿಂದ ಹಾಲು ಗಟ್ಟಿಯಾಯಿತು. ಅಂದಿನಿಂದ ನನ್ನ ಹತ್ತಿರ ಎರಡು ಸಿಟ್ಟುಗಳಿವೆ. ಒಂದು ಸಿಸ್ಟರ್ ಕೊಟ್ಟದ್ದು, ಇನ್ನೊಂದು ಅತ್ತೆ ಕೊಟ್ಟದ್ದು. ಈ ಸಲ ಎರಡೂ ಒಟ್ಟಿಗೆ ಬಂದವು.

ಈಗ ನೀವು ಕೇಳಬಹುದು, ಇಬ್ಬರು ಮುದುಕಿಯರಿಗೆ ರೋಮನ್ನರ ಉಸಾಬರಿ ಯಾಕೆ ಅಂತ. ನನ್ನ ಮೈದುನ ಶ್ರೀಧರನೂ ಅದನ್ನೇ ಕೇಳಿದ. ಅವನ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಸಿಸ್ಟರ್ ಬೆನೆಡಿಕ್ಟಾ ಅವರ ನೀಲಿ ಚೀಲದ ವಿಷಯ ಹೇಳಬೇಕು.

ಸಿಸ್ಟರ್ ಬೆನೆಡಿಕ್ಟಾ ನಮಗೆ ಇಂಗ್ಲಿಷಿಗೂ ಹಿಸ್ಟರಿಗೂ ಟೀಚರ್. ಶುಕ್ರವಾರದ ಕೊನೆಯ ಪೀರಿಯಡ್ಡಿಗೆ ಬರುವಾಗ ಅವರ ಕೈಯಲ್ಲಿ ಒಂದು ನೀಲಿ ಚೀಲ ಇರುತ್ತಿತ್ತು. ಚಾಪೆಲ್ಲಿನ ಹಳೇ ಕರ್ಟನ್ ಕತ್ತರಿಸಿ ಹೊಲಿದದ್ದು, ಬಾಯಿಗೆ ದಾರ. ಅದರೊಳಗೆ ಒಂದೇ ಒಂದು ವಸ್ತು. ಕರೆದ ಹುಡುಗಿ ಮುಂದೆ ಹೋಗಿ, "ಹ್ಯಾಂಡ್ ಇನ್ ದ ಬ್ಯಾಗ್" ಎಂದೊಡನೆ ಚೀಲದೊಳಗೆ ಕೈ ಹಾಕಿ, ಕಣ್ಣಿಗೆ ಕಾಣದ ಆ ವಸ್ತುವನ್ನು ಬೆರಳಿನಿಂದ ತಿಳಿದುಕೊಂಡು ಬಾಯಲ್ಲಿ ಹೇಳಬೇಕು. ಹೆಸರು ಹೇಳುವಂತಿಲ್ಲ. ಉಳಿದವರು ಕೇಳಿಸಿಕೊಂಡು ರಫ್ ಬುಕ್ಕಿನಲ್ಲಿ ಚಿತ್ರ ಬರೆಯಬೇಕು. ನೈಸ್, ಲವ್ಲಿ, ಬ್ಯೂಟಿಫುಲ್ ಈ ಮೂರು ಮಾತುಗಳಿಗೆ ಪ್ರವೇಶವಿಲ್ಲ.

ನನ್ನ ಸರದಿ ಬಂದ ದಿನ ಚೀಲದಲ್ಲಿದ್ದದ್ದು ಒಂದು ಚಿಕ್ಕ ಹಿತ್ತಾಳೆ ಗಂಟೆ. ನಾಲಿಗೆಗೆ ಬಟ್ಟೆ ಸುತ್ತಿದ್ದರು. ನಾನು ಕಣ್ಣು ಮುಚ್ಚಿ, ಎದೆಯ ಮೇಲೆ ಇನ್ನೊಂದು ಕೈ ಇಟ್ಟುಕೊಂಡು, "ಸಿಸ್ಟರ್, ಇದು ಭಾನುವಾರದ ಬೆಳಗ್ಗೆಯ ಹಾಗಿದೆ" ಎಂದೆ. ಒಬ್ಬಳು ಚರ್ಚು ಬರೆದಳು. ಒಬ್ಬಳು ಬಿರಿಯಾನಿ ತಟ್ಟೆ ಬರೆದಳು. ಭಾನುವಾರ ಎಣ್ಣೆಸ್ನಾನ ಮಾಡಿಸುವ ಮನೆಯವಳೊಬ್ಬಳು ನೀರೊಲೆಯ ಹಂಡೆ ಬರೆದಳು. ಸಿಸ್ಟರ್ ಎಲ್ಲರ ಚಿತ್ರಗಳನ್ನೂ ಎತ್ತಿ ತೋರಿಸಿ, ತಮ್ಮ ತೆಳ್ಳನೆಯ ದನಿಯಲ್ಲಿ, "ಯುವರ್ ಫೀಲಿಂಗ್ಸ್ ಆರ್ ನಾಟ್ ಇನ್ ದ ಬ್ಯಾಗ್, ನಳಿನಿ" ಎಂದರು. ನಿನ್ನ ಭಾವನೆಗಳು ಚೀಲದೊಳಗಿಲ್ಲ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿ ಗುಂಯ್‌ಗುಡುತ್ತದೆ.

ಮುಂದಿನ ಶುಕ್ರವಾರ ವತ್ಸಲಾ. ಅವಳು ಕೈ ಹಾಕಿ, ಅಡುಗೆಯವರಿಗೆ ಸಾಮಾನು ಹೇಳುವ ಹಾಗೆ ಹೇಳಿದಳು. ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಉದ್ದ. ನಡು ದಪ್ಪ, ಎರಡು ತುದಿಯೂ ಚೂಪು. ಉದ್ದಕ್ಕೆ ಏಣುಗಳು, ಏಣುಗಳ ಮೇಲೆಲ್ಲ ಕಪ್ಪೆಯ ಬೆನ್ನಿನ ಹಾಗೆ ಗಂಟುಗಳು. ಒಂದು ಕಡೆ ತೊಟ್ಟು ಮುರಿದಿದೆ. ಇಡೀ ಕ್ಲಾಸು ಹಾಗಲಕಾಯಿ ಬರೆಯಿತು. ತೊಟ್ಟು ಮುರಿದ ಹಾಗಲಕಾಯಿ.

ಮುಂದೆ ಅವಳಿಗೆ ಅದೇ ಕೆಲಸವಾಯಿತು. ಹೆಸರಘಟ್ಟದ ಕಡೆ ಒಂದು ಸಂಶೋಧನಾ ಕೇಂದ್ರದಲ್ಲಿ ಎಲೆ, ಬೇರು, ಕಾಯಿಗಳ ಚಿತ್ರ ಬರೆಯುವ ನೌಕರಿ. ಹುಳು ತಿಂದ ಎಲೆಯನ್ನು ಹುಳು ತಿಂದ ಹಾಗೆಯೇ ಬರೆಯುವುದು. ತೂತು ಎಲ್ಲಿದೆಯೋ ಅಲ್ಲಿ, ಎಷ್ಟಿದೆಯೋ ಅಷ್ಟು. "ಸ್ವಲ್ಪ ಚೆನ್ನಾಗಿ ಬರೀಬಾರ್ದೇನೇ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಹುಳ ಚೆನ್ನಾಗಿ ತಿಂದಿಲ್ವಲ್ಲ" ಎಂದಿದ್ದಳು. ಅಂಥ ಕಣ್ಣು ಅವಳದು. ಹೋದದ್ದೂ ಅದೇ ಕಣ್ಣು. ಇದನ್ನು ಬರೆಯುವಾಗ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ನನ್ನ ಬೆನ್ನು ತಾನಾಗಿಯೇ ನೇರವಾಗುತ್ತಿದೆ.

ಇನ್ನು ರೋಮನ್ನರು. ಸಿಸ್ಟರ್ ಬೆನೆಡಿಕ್ಟಾ ಅವರ ಊರು ಆ ಗಡಿಯ ಗೋಡೆಗೆ ಹತ್ತಿರವಂತೆ. ಆದ್ದರಿಂದ ಸಿಲಬಸ್ಸಿನಲ್ಲಿ ಒಂದು ಪುಟವಿದ್ದ ಪಾಠ ನಮಗೆ ಮಳೆಗಾಲವಿಡೀ ನಡೆಯಿತು. ಬೋರ್ಡಿನ ಮೇಲೆ ಗೋಡೆ, ಕಂದಕ, ಕೋಟೆ, ಕಣಜ, ಸೈನಿಕರ ಬ್ಯಾರಕ್ಕು. ಬಿಸಿಲಿನ ದೇಶಗಳಿಂದ ಬಂದ ಸೈನಿಕರು ಅಲ್ಲಿನ ಚಳಿಗೆ ಗದಗದ ನಡುಗುತ್ತಿದ್ದರು ಎನ್ನುವಾಗ ಸಿಸ್ಟರ್ ಮುಖದಲ್ಲಿ ಒಂದು ಬಗೆಯ ಹೆಮ್ಮೆ. ನಾವೆಲ್ಲ ಆ ಕೋಟೆಯ ಚಿತ್ರ ಬರೆದುಕೊಂಡು ಬರಬೇಕಿತ್ತು. ವತ್ಸಲಾ ಎಲ್ಲವನ್ನೂ ಬರೆದು, ಕೋಟೆ ಬಾಗಿಲ ಹತ್ತಿರ ಹಗ್ಗ ಹಿಡಿದು ಸ್ಕಿಪ್ಪಿಂಗ್ ಆಡುವ ಒಬ್ಬ ಹುಡುಗಿಯನ್ನೂ ಬರೆದಿದ್ದಳು. ಸಿಸ್ಟರ್ ಕೆಂಪು ಪೆನ್ಸಿಲಿನಿಂದ ಆ ಹುಡುಗಿಯ ತಲೆಯಿಂದ ಕಾಲಿನವರೆಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ "ನೋ ಎವಿಡೆನ್ಸ್" ಎಂದು ಬರೆದರು.

"ಮಕ್ಕಳಿರ್ಲಿಲ್ವಾ ಸಿಸ್ಟರ್?"

"ಇಟ್ ವಾಸ್ ಎ ಫೋರ್ಟ್, ಚೈಲ್ಡ್. ಸೋಲ್ಜರ್ಸ್."

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಟಿಫನ್ ಡಬ್ಬಿ ಬಿಚ್ಚದೆ ವತ್ಸಲಾ ಕೂತಿದ್ದಳು. ಅವಳ ಅಪ್ಪ ಮಿಲಿಟರಿಯಲ್ಲಿದ್ದರು. ಗಡಿಯಲ್ಲಿ ಡ್ಯೂಟಿ, ವರ್ಷಕ್ಕೊಂದು ಸಲ ರಜ. ಬಂದಾಗ ಅವರನ್ನು 'ಅಪ್ಪ' ಎಂದು ಕರೆಯುವುದಕ್ಕೆ ಅವಳಿಗೆ ಎರಡು ದಿನ ಬೇಕಾಗುತ್ತಿತ್ತಂತೆ. ನಾವೂ ಬರ್ತೀವಿ ಎಂದು ಅತ್ತರೆ, ಗಡಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದಿಲ್ಲ ಎಂದು ಅವಳಮ್ಮ ಹೇಳುತ್ತಿದ್ದರು. "ಯಾವ ಗಡಿಗೂ ಕರ್ಕೊಂಡ್ ಹೋಗಲ್ವಾ ನಳಿ? ಅಷ್ಟು ಹಿಂದಿನ ಕಾಲ್ದಲ್ಲೂ?" ಎಂದು ಕೇಳಿದಳು. ನನಗೇನು ಗೊತ್ತು? ನನ್ನಪ್ಪ ತಾಲ್ಲೂಕು ಆಫೀಸಿನಲ್ಲಿದ್ದರು. ಸಂಜೆ ಆರಕ್ಕೆ ಮನೆಗೆ ಬಂದು ಎಲ್ಲರ ಮೇಲೂ ರೇಗುತ್ತಿದ್ದರು. ನನ್ನ ಡಬ್ಬಿಯಿಂದ ಒಂದು ನಿಂಬೆಹಣ್ಣಿನ ಚಿತ್ರಾನ್ನದ ತುತ್ತು ಅವಳ ಬಾಯಿಗಿಟ್ಟೆ. ನನ್ನ ಬುದ್ಧಿಗೆ ಹೊಳೆದ ಉತ್ತರ ಅದೊಂದೇ.

ಇಷ್ಟು ವರ್ಷಗಳಾದ ಮೇಲೆ, ಒಂದು ಮಧ್ಯಾಹ್ನ, ಮೇಲೆ ಯಲಹಂಕದ ವಾಯುಪಡೆಯ ವಿಮಾನಗಳು ಆಕಾಶ ಹರಿಯುತ್ತಾ ಕಿಟಕಿ ಗಾಜು ಅದುರಿಸುತ್ತಿದ್ದಾಗ, ನಿದ್ದೆ ಬಾರದೆ ಫೋನು ತಿರುವುತ್ತಿದ್ದೆ. ಸಿಸ್ಟರ್ ಹೇಳುತ್ತಿದ್ದ ಊರಿನ ಹೆಸರು ನೆನಪಾಗಿ ಹುಡುಕಿದೆ. ಆ ಮ್ಯೂಸಿಯಂ ಸಿಕ್ಕಿತು. ಕೋಟೆಯ ಒಳಗೆ, ಹಸಿ ಮಣ್ಣಿನ ಅಡಿಯಲ್ಲಿ ಕೊಳೆಯದೆ ಉಳಿದ ತೊಗಲಿನ ಸಾಮಾನುಗಳು. ಅವುಗಳ ನಡುವೆ ಒಂದು ಬೂಟು. ಪುಟ್ಟ ಮಗುವಿನದು. ಕೋಟೆಯ ಒಳಗೇ ಸಿಕ್ಕಿದ್ದು.

ಕೂಡಲೇ ವತ್ಸಲಾಗೆ ಫೋನ್ ಮಾಡಿದೆ. "ಸಿಕ್ತು ಕಣೇ! ನಿನ್ನ ಹುಡುಗಿ ಸಿಕ್ಳು! ಬೂಟ್ ಸಿಕ್ಕಿದೆ, ಮಕ್ಕಳ್ದು, ಕೋಟೆ ಒಳಗೆ! ಎಷ್ಟು ಮುದ್ದಾಗಿದೆ ಅಂದ್ರೆ..."

"ತಡಿ, ತಡಿ. ನೀನು ಹೇಳ್ಬೇಡ" ಅಂದಳು. "ಲಿಂಕ್ ಕಳ್ಸು. ನಾನೇ ನೋಡ್ತೀನಿ."

ಮರುದಿನ ನಾನು ಹೆಬ್ಬಾಳದ ಫ್ಲೈಓವರ್ ಮೇಲೆ ಆಟೋದಲ್ಲಿ ಒಂದು ಜನ್ಮ ಕಳೆದು ಅವಳ ಮನೆ ತಲುಪಿದಾಗ ಅವಳು ಆ ಪುಟದ ಮೇಲೆ ಬೆರಳು ಸವರುತ್ತಾ ಕೂತಿದ್ದಳು. ಡಿ ಎಸ್ ಸಿ ಅಂಡರ್‌ಸ್ಕೋರ್. ಮತ್ತೆ ಸವರುತ್ತಾಳೆ, ಮತ್ತೆ ಅದೇ. ಆ ವಸ್ತುಗಳ ಹೆಸರೂ ಉದ್ದಗಲವೂ ಫೋಟೋದ ಒಳಗೇ ಅಚ್ಚಾಗಿದ್ದವು. ನನ್ನ ಕಣ್ಣಿಗೆ ಕಾಣುತ್ತಿತ್ತು, ಫೋನಿನ ದನಿಗೆ ಕಾಣುತ್ತಿರಲಿಲ್ಲ. ಅವಳ ಮಗಳು ಶುಭಾ ಕಾಫಿ ತಂದಿಟ್ಟು, "ನಳಿನಿ ಆಂಟಿನೇ ಹೇಳ್ಬಿಡ್ಲಿ ಬಿಡಮ್ಮ. ಬೆಳಗ್ಗೆಯಿಂದ ಅದನ್ನೇ ತೀಡ್ತಾ ಇದ್ದೀಯ" ಎಂದಳು.

"ಎಲ್ಲಾನೂ ಯಾರಾದ್ರೂ ಹೇಳ್ಲಿ ಅಂತ ಕಾಯ್ಕೊಂಡು ಕೂತ್ಕೋಬೇಕಾ ನಾನು?" ಎಂದು ವತ್ಸಲಾ ಫೋನನ್ನು ಮಗ್ಗುಲಿಗೆ ಎಸೆದಳು. ಎಂದೂ ಹಾಗೆ ಎಸೆದವಳಲ್ಲ. ಚಿತ್ರದ ಬ್ರಷ್ಷನ್ನು ಮಲಗಿದ ಮಗುವಿನ ಹಾಗೆ ಇಡುತ್ತಿದ್ದವಳು.

ಕಣ್ಣಿದ್ದವರಿಗೆ ಇದು ಹಟ ಎನ್ನಿಸಬಹುದು. ಅವಳ ಜೊತೆ ಒಂದು ದಿನ ಹೊರಗೆ ಹೋಗಿ ನೋಡಿ. ಅವತ್ತೇ ಸಂಜೆ ಮನಸ್ಸು ಸರಿಹೋಗಲಿ ಎಂದು ಮೇನ್ ರೋಡಿನ ಹೋಟೆಲಿಗೆ ಕರೆದುಕೊಂಡು ಹೋದೆ. ಸಪ್ಲೈಯರ್ ಬಂದ. ನನ್ನ ಮುಖ ನೋಡಿ, "ಅವ್ರಿಗೆ ಏನ್ ಬೇಕಂತೆ ಮೇಡಂ? ಖಾರ ತಿಂತಾರಾ?" ಎಂದ. ವತ್ಸಲಾ ಅವನ ದನಿ ಬಂದ ಕಡೆ ತಿರುಗಿ, "ಅವ್ರ ಕಿವಿ ಚೆನ್ನಾಗಿದೆ ಕಣಪ್ಪ, ಅವ್ರನ್ನೇ ಕೇಳು. ಮಸಾಲೆ ದೋಸೆ, ಚಟ್ನಿ ಜಾಸ್ತಿ. ಖಾರಾನೂ ತಿಂತಾರೆ, ಬೈಗುಳಾನೂ ಬೈತಾರೆ" ಎಂದಳು. ಪಾಪ, ಅವನು ಅವಳ ದೋಸೆಗೆ ಎರಡು ಬಟ್ಟಲು ಚಟ್ನಿ ತಂದಿಟ್ಟ. ನನಗೆ ಮಾತ್ರ, ಕೇಳಿದರೂ ಒಂದೇ ಬಟ್ಟಲು.

ಮನೆಗೆ ಬಂದು ಮ್ಯೂಸಿಯಂಗೆ ಈಮೇಲ್ ಬರೆದೆ. ಮೊದಲ ವಾಕ್ಯ ಯಾವುದೆಂದು ನಿಮಗೆ ಗೊತ್ತೇ ಇದೆ. ಆಮೇಲಿನ ವಾಕ್ಯಗಳಲ್ಲಿ ಇಂಗ್ಲಿಷ್ ಉಡುಪು ತೊಟ್ಟು ನಮ್ಮ ಅತ್ತೆ ಮಾತಾಡಿದರು. ನಿಮ್ಮ ಎಲ್ಲರಿಗೂ ಎನ್ನುವ ಮಾತನ್ನು ಕೂಡಲೇ ಅಳಿಸಿ, ಕಣ್ಣಿದ್ದವರಿಗೆ ಮಾತ್ರ ಎಂದು ಬರೆಯಿರಿ, ಅದಾದರೂ ಪ್ರಾಮಾಣಿಕವಾಗಿರುತ್ತದೆ ಎಂದೆ.

ಕೆಲವು ದಿನಗಳಲ್ಲಿ ಹ್ಯಾರಿಯೆಟ್ ಎಂಬವಳಿಂದ ಉತ್ತರ ಬಂತು. ತಪ್ಪಾಗಿದೆ, ನಿಜಕ್ಕೂ ತಪ್ಪಾಗಿದೆ ಎಂದಿದ್ದಳು. ಫೋಟೋಗಳನ್ನು ಮೊದಲು ಹಾಕಿಬಿಟ್ಟೆವು, ಮಾತುಗಳನ್ನು ಆಮೇಲೆ ಎಂದುಕೊಂಡೆವು, ಆ ಆಮೇಲೆ ಬರಲೇ ಇಲ್ಲ. ಈಗ ಸ್ವಯಂಸೇವಕರಿಂದ ಒಂದೊಂದು ಚಿತ್ರಕ್ಕೂ ಎರಡು ಮೂರು ವಾಕ್ಯ ಬರೆಸುತ್ತಿದ್ದೇವೆ. ನೀವು ಇಷ್ಟು ಖಚಿತವಾಗಿ ಬರೆಯುತ್ತೀರಿ, ಆ ಬೂಟಿಗೆ ನೀವೇ ಬರೆದುಕೊಡುವಿರಾ?

ನನಗೆ ಇನ್ನೂ ಸಿಟ್ಟು ಬಂತು. ಮನೆ ಗಲೀಜಾಗಿದೆ ಎಂದು ಹೇಳಿದವಳ ಕೈಗೇ ಪೊರಕೆ ಕೊಡುವುದೇ? ಹಾಗಂತ ಬೈದುಕೊಳ್ಳುತ್ತಲೇ ಕನ್ನಡಕ ಒರೆಸಿ, ಬರೆಯುವುದಕ್ಕೆ ಕೂತೆ. ಮೂರು ದಿನ ಬರೆದೆ. ಶಾಲೆಯಲ್ಲಿ ಎಸ್ಸೇ ಕಾಂಪಿಟಿಷನ್ನಿಗೆ ಮೂರು ಸಲ ಕಪ್ಪು ಗೆದ್ದವಳು ನಾನು, ಸುಮ್ಮನೆ ಬಿಡುತ್ತೇನೆಯೇ? ಕಾಲದ ಮಣ್ಣಿನಲ್ಲಿ ಮಲಗಿದ್ದ ಪುಟಾಣಿ ಪಾದರಕ್ಷೆ, ತಾಯಿಯ ಕರೆಗೆ ಕಾದ ಒಂಟಿ ಹಕ್ಕಿಮರಿ, ಚರ್ಮದ ಸುಕ್ಕುಗಳಲ್ಲಿ ನಿದ್ರಿಸುವ ಮಗುವಿನ ನಗು. ಕೊನೆಯ ವಾಕ್ಯ ಬರೆದಾಗ ನನಗೇ ಕಣ್ಣಲ್ಲಿ ನೀರು ಬಂತು.

ಹ್ಯಾರಿಯೆಟ್‌ಗೆ ಕಳಿಸುವ ಮುಂಚೆ ಫೋನಿನಲ್ಲಿ ವತ್ಸಲಾಗೆ ಓದಿದೆ. ಅವಳಿಗೂ ಕಣ್ಣು ತುಂಬಿರಬೇಕು ಎಂದುಕೊಂಡೆ.

"ಮುಗೀತಾ?" ಎಂದಳು.

"ಮುಗೀತು."

"ಎಷ್ಟುದ್ದ ಇದೆ?"

"ಏನು?"

"ಬೂಟು ಕಣೇ. ನಗು ಎಷ್ಟುದ್ದ ಇದೆ ಅಂತ ಕೇಳ್ತೀನಾ? ಎಡಗಾಲ್ದೋ ಬಲಗಾಲ್ದೋ? ಮೇಲೆ ಮುಚ್ಚಿದ್ಯೋ, ಪಟ್ಟಿ ಇದ್ಯೋ? ಎಲ್ಲಿ ಹರಿದಿದೆ?"

ಮೂರು ದಿನ ಆ ಫೋಟೋ ಮುಂದಿಟ್ಟುಕೊಂಡು ಕೂತಿದ್ದೆ. ಅದು ಎಡಗಾಲಿನದೋ ಬಲಗಾಲಿನದೋ ಎಂದು ನೋಡಿರಲಿಲ್ಲ.

"ನಳಿ" ಎಂದಳು, ಮೆತ್ತಗೆ. ಆ ಮೆತ್ತನೆ ದನಿಯೇ ನನಗೆ ಹೆಚ್ಚು ಚುಚ್ಚಿತು. "ನೀನು ಬರೆದಿರೋದ್ರಲ್ಲಿ ನೀನು ಕಾಣಿಸ್ತಾ ಇದ್ದೀಯ. ನಿನ್ನನ್ನ ನಾನು ಹತ್ತನೇ ವಯಸ್ಸಿಂದ ನೋಡಿದ್ದೀನಿ. ನಂಗೆ ಬೂಟ್ ನೋಡ್ಬೇಕು."

ಫೋನಿಟ್ಟು ಒಂದು ಗಂಟೆ ಕಾಲ ಅವಳ ಮೇಲೆ, ಹ್ಯಾರಿಯೆಟ್ ಮೇಲೆ, ರೋಮನ್ನರ ಮೇಲೆ ಉರಿದುಕೊಂಡೆ. ಈ ವಯಸ್ಸಿನಲ್ಲಿ ಮತ್ತೆ ಭಾನುವಾರದ ಬೆಳಗ್ಗೆ! ಅದೇ ಹೊತ್ತಿಗೆ ಮೈದುನ ಶ್ರೀಧರ ಬಂದ. ಬ್ಯಾಂಕಿನಿಂದ ರಿಟೈರಾದ ಮೇಲೆ ಅವನಿಗೆ ನನ್ನ ಮನೆಯ ದಿನಪತ್ರಿಕೆಯೇ ಬೇಕು. ವಿಷಯ ಕೇಳಿ ನಕ್ಕ.

"ಅಲ್ಲಾ ಅತ್ಗೆ, ಕಣ್ಣ್ ಕಾಣ್ದೇ ಇರೋರ್ಗೆ ಎಲ್ಲೋ ಇರೋ ಹಳೇ ಬೂಟ್ ಯಾಕೆ? ನಾಲ್ಕು ಭಜನೆ ಹಾಕ್ಕೊಟ್ರೆ ಆರಾಮಾಗಿ ಕೇಳ್ಕೊಂಡ್ ಇರ್ತಾರೆ. ಅಷ್ಟು ಕೋಟೆ ಗೀಟೆ ಹುಚ್ಚಿದ್ರೆ ನಮ್ಮ ಚಿಕ್ಕಜಾಲದ್ದೇ ಇದ್ಯಲ್ಲ, ನೋಡೋರಿಲ್ದೆ ಬಿದ್ದಿದೆ."

ಆಗ ನನ್ನ ಎರಡನೇ ಸಿಟ್ಟು ಎದ್ದಿತು. "ಶ್ರೀಧರ, ನಿಂಗೆ ಕಣ್ಣು ಕಾಣುತ್ತಲ್ಲ, ಏರ್‌ಪೋರ್ಟ್‌ಗೆ ಹೋಗ್ತಾ ಬರ್ತಾ ಎಷ್ಟು ಸಲ ಆ ಕೋಟೆ ಮುಂದೆ ಹಾದಿದ್ದೀಯ. ಇಳಿದು ನೋಡಿದ್ದೀಯೇನೋ? ಅವಳು ನೋಡಿದ್ದಾಳೆ. ಹೋದ ವರ್ಷ ನಾನೇ ಕರ್ಕೊಂಡು ಹೋಗಿದ್ದೆ."

ನಿಜವಾಗಿ ಹೋಗಿದ್ದೆವು. ಚಿಕ್ಕಜಾಲದ ಆ ಕಲ್ಲುಗೋಡೆಗೆ ವತ್ಸಲಾ ಎರಡು ಕೈಯನ್ನೂ ಒತ್ತಿಟ್ಟುಕೊಂಡು, ಕಲ್ಲಿನಿಂದ ಕಲ್ಲಿಗೆ ನಡೆದಳು. ಹಿಂದಿನಿಂದ ಹೆದ್ದಾರಿಯ ಲಾರಿಗಳ ಗದ್ದಲ. ಒಂದು ಕಡೆ ನಿಂತು, "ಇಲ್ಲಿ ಉಳಿ ಏಟು ಕಾಣುತ್ತೆ, ನೋಡು" ಎಂದು ನನ್ನ ಬೆರಳನ್ನು ಹಿಡಿದು ಒಂದು ಗೀರಿನ ಮೇಲೆ ಇಟ್ಟಳು. ನನಗೆ ಕಣ್ಣಿದ್ದೂ ಕಂಡಿರಲಿಲ್ಲ. ಮುಟ್ಟುವುದಕ್ಕೆ ಸಿಗುವ ವಸ್ತುವಿಗೆ ನನ್ನ ಮಾತಿನ ಹಂಗಿಲ್ಲ. ಸಮುದ್ರದ ಆಚೆ, ಗಾಜಿನ ಪೆಟ್ಟಿಗೆಯಲ್ಲಿರುವ ವಸ್ತುವಿಗೆ ಮಾತೇ ಕೈ. ಆ ಕೈಯಲ್ಲಿ ನಾನು ಏನು ತುಂಬಿಕೊಂಡಿದ್ದೆ? ಹಕ್ಕಿಮರಿ!

ಹೀಗೆ ಶ್ರೀಧರನನ್ನು ಬೈಯುತ್ತಾ ಬೈಯುತ್ತಾ ನನಗೆ ಬೈಗುಳ ಯಾರಿಗೆ ಸಲ್ಲಬೇಕೆಂದು ತಿಳಿಯಿತು. ಅವನಿಗೆ ಕಾಫಿ ಕೊಟ್ಟು ಕಳಿಸಿದೆ. ಸಕ್ಕರೆ ಹಾಕಲಿಲ್ಲ, ಅದು ಬೇರೆ ಮಾತು.

ಮತ್ತೆ ಆರ್.ಟಿ. ನಗರಕ್ಕೆ ಹೋದೆ. ಈ ಸಲ ಟ್ಯಾಬ್ ಒಯ್ದು ಫೋಟೋ ದೊಡ್ಡದು ಮಾಡಿಟ್ಟುಕೊಂಡೆ. ಅವಳು ಮಂಚದ ಮೇಲೆ, ನಾನು ಕುರ್ಚಿಯ ಮೇಲೆ.

"ಹ್ಞೂಂ, ಹೇಳು. ಮೊದ್ಲು ಅಳತೆ."

"ಫೋಟೋ ಕೆಳಗೆ ಸ್ಕೇಲ್ ಇದೆ. ಸೆಂಟಿಮೀಟರ್ ಲೆಕ್ಕ..."

"ಸೆಂಟಿಮೀಟರ್ ಯಾರ ಕೈಗೆ ಸಿಗುತ್ತೆ? ಈ ರೂಮಲ್ಲಿರೋದು ಯಾವ್ದಾದ್ರೂ ಹೇಳು."

ನಾನು ಸುತ್ತಲೂ ನೋಡಿದೆ. ಮಂಚದ ಪಕ್ಕದ ಡ್ರಾಯರ್ ತೆರೆದೆ. ಅವಳ ಹಳೇ ಕನ್ನಡಕದ ಡಬ್ಬಿ ಇತ್ತು. ಕನ್ನಡಕ ಕೆಲಸಕ್ಕೆ ಬಾರದೆ ವರ್ಷಗಳಾದರೂ ಅವಳು ಅದನ್ನು ಬಿಸಾಡಿರಲಿಲ್ಲ. ಟೇಪಿನಿಂದ ಅಳೆದು, ಫೋಟೋದ ಸ್ಕೇಲಿನ ಲೆಕ್ಕಕ್ಕೆ ಹೋಲಿಸಿ, ಅದನ್ನು ಅವಳ ಅಂಗೈಯಲ್ಲಿಟ್ಟೆ. "ಇದಕ್ಕಿಂತ ಒಂದು ಬೆರಳು ಚಿಕ್ಕದು."

ವತ್ಸಲಾ ಡಬ್ಬಿಯ ಎರಡು ತುದಿ ಮುಟ್ಟಿದಳು. ಒಂದು ಬೆರಳಿನಗಲ ಒಳಗೆ ಜರುಗಿಸಿ ಹೆಬ್ಬೆರಳು ನಿಲ್ಲಿಸಿದಳು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.

"ಇಷ್ಟೇನಾ?" ಎಂದಳು.

"ಇಷ್ಟೇ."

"ನಮ್ಮ ಶುಭಾ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಹಾಕ್ಕೊಂಡಿದ್ಲಲ್ಲ, ಅಷ್ಟೇ... ಸರಿ, ಮುಂದೆ."

ಮುಂದೆ ಹೇಳಿದೆ. ಎಡಗಾಲು. ಕಂದು ತೊಗಲು, ಒದ್ದೆಯಾಗಿ ಒಣಗಿದ ಹಾಗೆ ಕಪ್ಪಿಗೆ ತಿರುಗಿದೆ. ಪಾದದ ಮೇಲ್ಭಾಗ ಮುಚ್ಚಿಲ್ಲ, ಬಲೆಯ ಹಾಗೆ ಕತ್ತರಿಸಿದ ತೆರಪುಗಳು. ಆ ಪಟ್ಟಿಗಳಲ್ಲಿ ಬೆರಳಿನ ಕಡೆಯದು ಹರಿದುಹೋಗಿದೆ. ಲಾಡಿ ಇಲ್ಲ, ಲಾಡಿ ತೂರಿಸುವ ತೂತುಗಳಿವೆ. ಒಂದೊಂದು ಮಾತಿಗೂ ಅವಳು ತಡೆದು ಕೇಳುವಳು. ತೂತು ದುಂಡಗಿದೆಯೋ, ಎಳೆದು ಉದ್ದವಾಗಿದೆಯೋ? ನಾನು ಮೂಗು ತಾಕುವಷ್ಟು ಹತ್ತಿರ ಹೋಗಿ ನೋಡಿದೆ. ಎಳೆದು ಉದ್ದವಾಗಿತ್ತು. "ದಿನಾ ಯಾರೋ ಬಿಗಿಯಾಗಿ ಕಟ್ತಿದ್ರು" ಎಂದಳು. ಅದನ್ನು ಬರೆಯಲೇ ಎಂದರೆ, "ಬೇಡ. ತೂತು ಬರಿ. ಕಟ್ಟಿದ್ದು ಕೇಳೋರಿಗೆ ತಾನೇ ಗೊತ್ತಾಗುತ್ತೆ" ಎಂದಳು.

ಆಮೇಲೆ ಇದ್ದಕ್ಕಿದ್ದಂತೆ, "ಅಡಿ?" ಎಂದಳು.

"ಅಡಿ ಫೋಟೋದಲ್ಲಿಲ್ಲ. ಮೇಲಿಂದ, ಎರಡು ಪಕ್ಕದಿಂದ ತೆಗ್ದಿದ್ದಾರೆ."

"ಅಡಿ ನೋಡ್ದೆ ಹೇಗೆ? ಹೊಸ ಬೂಟೋ ನಡೆದ ಬೂಟೋ ಅಂತ ಹೇಗೆ ಗೊತ್ತಾಗ್ಬೇಕು?" ಎಂದಳು. "ಯಾರೋ ಮಗಳಿಗೆ ಅಂತ ತಗೊಂಡು ಊರಿಗೆ ಕಳಿಸ್ದೇ ಉಳಿಸ್ಕೊಂಡ ಬೂಟೂ ಇರ್ಬಹುದಲ್ಲ, ನಳಿ? ನಮ್ಮಪ್ಪನ ಟ್ರಂಕಲ್ಲಿ ಇತ್ತಲ್ಲ, ನಂಗೆ ಆಗ್ಲೇ ಚಿಕ್ಕದಾಗಿದ್ದ ಕೆಂಪು ಶೂ."

ಆ ಕೆಂಪು ಶೂ ನನಗೆ ನೆನಪಿತ್ತು. ರಜಕ್ಕೆ ಬಂದ ಅವಳಪ್ಪ ಟ್ರಂಕಿನಿಂದ ಅದನ್ನು ತೆಗೆದು ಮಗಳ ಮುಂದೆ ಮೊಳಕಾಲೂರಿ ಕೂತಿದ್ದರು. ಹಿಮ್ಮಡಿ ಒಳಗೆ ಇಳಿಯಲೇ ಇಲ್ಲ. ಹೋದ ರಜದ ಕಾಲಿನ ಅಳತೆ ಅವರ ಮನಸ್ಸಿನಲ್ಲಿತ್ತು. ಶೂ ಬಾಕ್ಸಿಗೆ ವಾಪಸ್ಸು ಹೋಯಿತು, ಅದರ ಅಡಿಗೆ ಒಂದು ದಿನವೂ ಮಣ್ಣು ತಾಗಲಿಲ್ಲ. ಅಂದರೆ ಕೋಟೆಯೊಳಗೆ ಬೂಟು ಸಿಕ್ಕಿದ ಮಾತ್ರಕ್ಕೆ ಮಗು ಇತ್ತೆಂದು ಹೇಗೆ ಹೇಳುವುದು? ಸಿಸ್ಟರ್ ಇದ್ದಿದ್ದರೆ ಮತ್ತೆ ಕೆಂಪು ಗೆರೆ ಎಳೆಯುತ್ತಿದ್ದರು.

ಹ್ಯಾರಿಯೆಟ್‌ಗೆ ನಾವು ತಯಾರಿಸಿದ ವಾಕ್ಯಗಳನ್ನು ಕಳಿಸಿ, ಕೆಳಗೆ ನನ್ನ ಹೊಸ ನಿರಾಶೆಯನ್ನೂ ಲಗತ್ತಿಸಿದೆ. ಬೂಟಿಗೆ ಅಡಿ ಎನ್ನುವುದೊಂದು ಇರುತ್ತದೆ, ಸೂಟು ಹಾಕಿದ ದೊಡ್ಡ ಮನುಷ್ಯನ ಫೋಟೋ ತೆಗೆದ ಹಾಗೆ ಬರೀ ಮುಖ ತೆಗೆದು ಕಳಿಸಿದರೆ ಹೇಗೆ, ದಯವಿಟ್ಟು ತಿರುಗಿಸಿ. ಅವಳು ಬರೆದಳು: ತೊಗಲು ಬಹಳ ಮೆದು, ತಂಪಾದ ಕೋಣೆಯಲ್ಲಿದೆ, ಬೇಕೆಂದಾಗ ಎತ್ತುವಂತಿಲ್ಲ. ಮುಂದಿನ ಸಲ ಪರೀಕ್ಷೆಗೆ ಹೊರತೆಗೆದಾಗ ಖಂಡಿತ ನೋಡುತ್ತೇವೆ. ಮುಂದಿನ ಸಲ! ಅವರಿಗೇನು, ಅಷ್ಟು ಶತಮಾನ ಕಾಯ್ದ ಬೂಟು. ನಮ್ಮಿಬ್ಬರಿಗೂ ಮಂಡಿ ನೋವು, ಬಿಪಿ, ನನಗೆ ಮೇಲಾಗಿ ಸಕ್ಕರೆ. ಮುಂದಿನ ಸಲ ಎಂದರೆ ನಮ್ಮ ವಯಸ್ಸಿನವರಿಗೆ ಯಾವ ಸಲ?

ವತ್ಸಲಾ ಮಾತ್ರ ಮತ್ತೆ ಆ ಸುದ್ದಿ ಎತ್ತಲಿಲ್ಲ. ನಾನು ಫೋನ್ ಮಾಡಿದಾಗಲೆಲ್ಲ ಸೊಪ್ಪಿನ ರೇಟು, ಶುಭಾ ಆಫೀಸು, ಕೆಳಮನೆಯವರ ನಾಯಿ. ಅವಳು ಕೇಳದೇ ಇರುವುದು ಕೇಳುವುದಕ್ಕಿಂತ ಜೋರಾಗಿ ಕೇಳಿಸುತ್ತಿತ್ತು. ನಾನು ಆಗಾಗ ಹ್ಯಾರಿಯೆಟ್‌ಗೆ ಬಹಳ ಸಭ್ಯವಾದ ಒಂದು ಸಾಲು ಕಳಿಸುತ್ತಿದ್ದೆ. ಕಡೆಕಡೆಗೆ ಅವಳೇ, ನಿಮ್ಮ ಬೂಟನ್ನು ನಾನು ಮರೆತಿಲ್ಲ ಎಂದು ಮೊದಲೇ ಬರೆಯತೊಡಗಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಗ್ಗೆ, ನನಗೆ ಈಮೇಲ್ ಬಂತು. ಒಂದೇ ಸಾಲು. ತಿರುಗಿಸಿದೆವು, ಪುಟ ನೋಡಿ. ನಾನು ತೆರೆಯಲಿಲ್ಲ. ಇದು ನನ್ನ ಬಾಳಿನಲ್ಲಿ ನಾನು ತೋರಿಸಿದ ಅತಿ ದೊಡ್ಡ ಸಂಯಮ ಎಂದು ಬೇಕಾದರೆ ಬರೆದಿಡಿ. ಆಟೋ ಹತ್ತಿದೆ. ಹೆಬ್ಬಾಳದಲ್ಲಿ ನಿಂತಾಗ ಬೆರಳು ಫೋನಿನ ಕಡೆ ಹೋಯಿತು, ವಾಪಸ್ಸು ಎಳೆದುಕೊಂಡೆ.

ವತ್ಸಲಾ ಕೈಗೆ ಅವಳ ಫೋನು ಕೊಟ್ಟು, "ನೋಡು" ಎಂದೆ. ಅಷ್ಟೇ ಅಂದೆ.

ಅವಳು ಬೆರಳು ಸವರಿದಳು. ಆ ಹೆಣ್ಣು ದನಿ ಇಂಗ್ಲಿಷಿನಲ್ಲಿ ಓದಿತು. ಇಮೇಜ್. ಮಗುವಿನ ತೊಗಲಿನ ಬೂಟು, ಎಡಗಾಲು. ಕನ್ನಡಕದ ಡಬ್ಬಿಗಿಂತ ಒಂದು ಬೆರಳಿನಗಲ ಚಿಕ್ಕದು. ಮೇಲೆ ಬಲೆಯ ಹಾಗೆ ಕತ್ತರಿಸಿದ ತೆರಪುಗಳು, ಬೆರಳಿನ ಕಡೆಯ ಪಟ್ಟಿ ಹರಿದಿದೆ. ಲಾಡಿಯ ತೂತುಗಳು ಎಳೆದು ಉದ್ದವಾಗಿವೆ. ಇಮೇಜ್. ಅದೇ ಬೂಟಿನ ಅಡಿ. ಹಿಮ್ಮಡಿಯ ಹೊರಬದಿ ಸವೆದು ತೆಳುವಾಗಿದೆ. ಹೆಬ್ಬೆರಳಿನ ಕೆಳಗೆ ತೊಗಲು ತೂತಾಗಿ, ಒಳಗಿನಿಂದ ಇನ್ನೊಂದು ತುಂಡು ಹಚ್ಚಿ ಹೊಲಿದಿದೆ.

ನಾನು ಕಳ್ಳತನದಲ್ಲಿ ತುರುಕಿದ್ದ ಒಂದೇ ಒಂದು 'ಲಿಟ್ಲ್' ಅನ್ನು ಹ್ಯಾರಿಯೆಟ್ ಹೊಡೆದುಹಾಕಿದ್ದಳು. ಆ ಹುಡುಗಿಗೂ ಯಾರೋ ನೀಲಿ ಚೀಲ ಹೊಲಿದಿರಬೇಕು.

ವತ್ಸಲಾ ಇನ್ನೊಂದು ಸಲ ಕೇಳಿದಳು. ಮತ್ತೊಂದು ಸಲ. ಡ್ರಾಯರ್‌ಗೆ ಕೈ ಚಾಚಿ ಕನ್ನಡಕದ ಡಬ್ಬಿ ತೆಗೆದು ಅಂಗೈ ಮೇಲೆ ಮಗುಚಿಟ್ಟುಕೊಂಡು, ಹಿಮ್ಮಡಿ ಇರಬೇಕಾದ ಕಡೆ ಹೆಬ್ಬೆರಳಿನಿಂದ ಉಜ್ಜಿದಳು.

"ತೇಪೆ ಹಾಕಿಸಿದ್ದಾರೆ ಕಣೇ" ಎಂದಳು. "ಓಡಾಡಿ ತೂತು ಮಾಡ್ಕೊಂಡ್ ಬಂದಿದೆ ಮಗು. ಬೈದಿರ್ತಾರೆ ಅವರಪ್ಪ."

ನನಗೆ ಏನಾದರೂ ಹೇಳಬೇಕೆನಿಸಿತು. ಭಾನುವಾರದ ಬೆಳಗ್ಗೆ ಗಂಟಲಿನವರೆಗೆ ಬಂದಿತ್ತು. ನುಂಗಿಕೊಂಡೆ. ಶುಭಾ ಬಾಗಿಲಲ್ಲಿ ಕಾಫಿ ಹಿಡಿದು ನಿಂತವಳು ಒಳಗೆ ಬರಲಿಲ್ಲ.

ವತ್ಸಲಾ ಮೂಗು ಒರೆಸಿಕೊಂಡು ಮತ್ತೆ ಫೋನ್ ಎತ್ತಿಕೊಂಡಳು. ಬೆರಳು ಪಕ್ಕಕ್ಕೆ ಜರುಗಿಸಿದಳು.

"ಇಮೇಜ್. ಡಿ ಎಸ್ ಸಿ ಅಂಡರ್‌ಸ್ಕೋರ್ ಜೀರೋ ಫೋರ್ ಟೂ ಒನ್."

"ಅಯ್ಯೋ ಇವರ ಮನೆ ಹಾಳಾಗ!" ಎಂದೆ. ಈ ಸಲ ಅತ್ತೆಯೇ ಮೊದಲು ಬಂದರು. "ಇನ್ನೂ ಹಾಗೇ ಬಿಟ್ಟಿದ್ದಾರಲ್ಲೇ!"

"ಏನದು?"

ನಾನು ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದೆ. "ಬಾಚಣಿಗೆ. ಎಷ್ಟು ಚೆನ್ನಾಗಿದೆ ಅಂದ್ರೆ..."

ವತ್ಸಲಾ ಡಬ್ಬಿಯನ್ನು ಡ್ರಾಯರಿಗೆ ಇಡಲಿಲ್ಲ. ಕಾಲು ಮಡಿಸಿ, ಬೆನ್ನು ನೇರ ಮಾಡಿ ಕೂತಳು.

"ಹ್ಯಾಂಡ್ ಇನ್ ದ ಬ್ಯಾಗ್, ನಳಿನಿ" ಎಂದಳು.